ಬಿಸಿಲು, ಮಳೆ, ಚಳಿಯಲ್ಲಿ ಮನೆಯವರ ರಕ್ಷಣೆಗೆ ಹೊರಗಿನ ನೆರವು ಎಲ್ಲಿ ಸಿಗುತ್ತದೆ?

ವಯಸ್ಸಾದವರು, ಪುಟ್ಟ ಮಕ್ಕಳು ಇರುವ ಮನೆಗೆ ವಿಪರೀತ ಹವಾಮಾನದಲ್ಲಿ ಯಾರ ನೆರವು ಕೇಳಬೇಕು ಎಂಬುದು ನಿಮ್ಮ ಪ್ರಶ್ನೆ. ಸಹಾಯವಾಣಿಗಳ ಪಟ್ಟಿ ಹುಡುಕುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ. ಆಪತ್ತಿನಲ್ಲಿ ಮೊದಲು ಓಡಿ ಬರುವವರು ಅವರೇ. ನಂಬಿಕಸ್ಥರೊಬ್ಬರಿಗೆ ಇನ್ನೊಂದು ಬೀಗದ ಕೈ ಕೊಟ್ಟಿರಿ. ಸೇವಿಸುವ ಔಷಧಿಗಳ ಹೆಸರು, ವೈದ್ಯರ ನಂಬರು ಬರೆದ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಬಿಸಿಗಾಳಿಯ ದಿನಗಳಲ್ಲಿ ಗ್ರಂಥಾಲಯ, ಸಮುದಾಯ ಭವನಗಳನ್ನು ತಂಪು ತಾಣಗಳಾಗಿ ತೆರೆದಿಡುವ ಪದ್ಧತಿ ಹಲವು ನಗರಗಳಲ್ಲಿದೆ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ವಿಚಾರಿಸಿ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫ್ಯಾನನ್ನು ನೆಚ್ಚಿಕೊಳ್ಳಬೇಡಿ, ಅದು ಬಿಸಿಗಾಳಿಯನ್ನೇ ಮೈಗೆ ರಾಚುತ್ತದೆ. ಬಿಸಿಲಿಗೆ ಬಳಲಿದವರ ಮಾತು ತೊದಲಿದರೆ, ಮಂಕು ಕವಿದರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಮೈಯನ್ನು ನೀರಿನಿಂದ ತೋಯಿಸುತ್ತಿರಿ.

ಮಳೆಗಾಲದಲ್ಲಿ ಹರಿಯುವ ನೀರಿಗೆ ಇಳಿಯಲೇಬೇಡಿ. ರಭಸವಿದ್ದರೆ 15 ಸೆಂಟಿಮೀಟರ್ ಆಳವೂ ದೊಡ್ಡವರ ಕಾಲು ತಪ್ಪಿಸುತ್ತದೆ. ಚಳಿಗಾಲದ ಅಪಾಯವಾದರೋ ಕಣ್ಣಿಗೆ ಕಾಣುವುದಿಲ್ಲ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಶುರುವಾದರೆ ಮೊದಲು ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ.

ಇನ್ನು, ಆರೈಕೆ ಮಾಡುವವರ ದಣಿವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ರೋಗಿಯನ್ನು ಕೆಲವು ಗಂಟೆ ನೋಡಿಕೊಳ್ಳುವ ಸ್ವಯಂಸೇವಕರು ಇದ್ದಾರೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ಸಂಕೋಚವಿಲ್ಲದೆ ಕೇಳಿ.