ಸ್ಟಾರ್ ವಾರ್ಸ್ ನೋಡದವರು ‘ಆಂಡೋರ್’ ನೋಡಬಹುದಾ? ಕೊನೆ ಗೊತ್ತಿರುವ ಕಥೆಯನ್ನು ಯಾಕೆ ನೋಡಬೇಕು?

ನೋಡಬಹುದು. ಧೈರ್ಯವಾಗಿ ನೋಡಿ.

ನೀವು ಕೇಳಿರುವುದು ಎರಡು ವಿಷಯ. ರಾಜಕೀಯದ ಒಳಸಂಚಿನ ಕಥೆ ನಿಮಗೆ ಇಷ್ಟ, ಆದರೆ ಸ್ಟಾರ್ ವಾರ್ಸ್ ಸಿನಿಮಾ ಒಂದನ್ನೂ ನೋಡಿಲ್ಲ. ಹಾಗಿದ್ದರೆ ಅದೇ ಲೋಕದಲ್ಲಿ ನಡೆಯುವ ‘ಆಂಡೋರ್’ ಸೀರೀಸ್ ಅರ್ಥವಾಗುತ್ತದಾ? ಇನ್ನೊಂದು, ನಾಯಕ ಮುಂದೆ ಸಾಯುತ್ತಾನೆ ಅಂತ ಗೆಳೆಯರು ಆಗಲೇ ಹೇಳಿಬಿಟ್ಟಿದ್ದಾರೆ. ಕೊನೆ ಗೊತ್ತಿರುವ ಕಥೆಗೆ 24 ಎಪಿಸೋಡ್ ಕೂರಬೇಕಾ? ಉತ್ತರ ಹೇಳುವಾಗ ನಾನು ಕೆಲವು ತಿರುವುಗಳನ್ನು ಬಿಟ್ಟುಕೊಡಲೇಬೇಕಾಗುತ್ತದೆ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ, ಸೀದಾ ಜಿಯೋಹಾಟ್‌ಸ್ಟಾರ್ ತೆರೆಯಿರಿ.

ಮೊದಲನೆಯದಕ್ಕೆ ಜಾಸ್ತಿ ಹೇಳುವುದೇನೂ ಇಲ್ಲ. ಹಿಂದೆ ಗಣರಾಜ್ಯವಿತ್ತು, ಈಗ ಚಕ್ರವರ್ತಿಯ ಸಾಮ್ರಾಜ್ಯವಿದೆ. ಸೆನೆಟ್ ಇನ್ನೂ ಸೇರುತ್ತದೆ, ಆದರೆ ಹೆಸರಿಗೆ ಮಾತ್ರ. ಒಂದು ಗ್ರಹವನ್ನೇ ಪುಡಿ ಮಾಡಬಲ್ಲ ಡೆತ್ ಸ್ಟಾರ್ ಅನ್ನುವ ಆಯುಧವನ್ನು ಸಾಮ್ರಾಜ್ಯ ಗುಟ್ಟಾಗಿ ಕಟ್ಟುತ್ತಿದೆ. ಇಷ್ಟು ಗೊತ್ತಿದ್ದರೆ ಸಾಕು. ಚಕ್ರವರ್ತಿ ತೆರೆಯ ಮೇಲೆ ಬರುವುದೇ ಇಲ್ಲ. ಲೇಸರ್ ಕತ್ತಿ ಬೀಸುವವರೂ ಇಲ್ಲ. ಟೋನಿ ಗಿಲ್ರಾಯ್ ರೂಪಿಸಿದ ಈ ಸೀರೀಸ್‌ನ ಮೊದಲ ಸೀಸನ್ 2022ರಲ್ಲಿ ಬಂತು, ಎರಡನೆಯದು 2025ರಲ್ಲಿ. ಕಥೆ ಅಲ್ಲಿಗೆ ಪೂರ್ತಿ ಮುಗಿದಿದೆ. ಮುಂದಿನ ಸೀಸನ್‌ಗೆ ಕಾಯುವ ತಾಪತ್ರಯ ಇಲ್ಲ.

ಇದು ಹಿನ್ನೆಲೆ ಕಥೆಗೇ ಹಿನ್ನೆಲೆ ಕಥೆ. 2016ರ ‘ರೋಗ್ ಒನ್’ ಸಿನಿಮಾದಲ್ಲಿ ಡೆತ್ ಸ್ಟಾರ್‌ನ ನಕ್ಷೆ ಕದಿಯಲು ಒಂದು ತಂಡ ಹೋಗುತ್ತದೆ. ನಕ್ಷೆ ಸಿಗುತ್ತದೆ, ತಂಡ ಉಳಿಯುವುದಿಲ್ಲ. 1977ರ ಮೊದಲ ಸ್ಟಾರ್ ವಾರ್ಸ್ ಸಿನಿಮಾ ಶುರುವಾಗುವುದು ಅದೇ ನಕ್ಷೆಯಿಂದ. ಆ ತಂಡದಲ್ಲಿದ್ದ ಕ್ಯಾಸಿಯನ್ ಆಂಡೋರ್‌ನ ಅದಕ್ಕಿಂತ ಹಿಂದಿನ ಐದು ವರ್ಷಗಳೇ ಈ ಸೀರೀಸ್. ಪಾತ್ರ ಮಾಡಿರುವುದು ಡಿಯೆಗೊ ಲೂನಾ.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಗೊತ್ತಿದ್ದೂ ಜನ ರಾತ್ರಿಯಿಡೀ ಕೂತು ಪ್ರಸಂಗ ನೋಡುತ್ತಾರಲ್ಲ, ಇದೂ ಹಾಗೇ. ಕ್ಯಾಸಿಯನ್ ಬದುಕುತ್ತಾನಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಒಂದು ಬಂಡಾಯಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ, ದಬ್ಬಾಳಿಕೆಯ ಸರ್ಕಾರದಲ್ಲಿ ದಿನಾ ಆಫೀಸಿಗೆ ಹೋಗಿ ಕೆಲಸ ಮಾಡುವವರು ಎಂಥವರು? ಸೀರೀಸ್ ಇದನ್ನೇ ಹಿಡಿದುಕೊಂಡು ಹೋಗುತ್ತದೆ. ಕೊನೆ ಗೊತ್ತಿರುವುದರಿಂದ ನಮ್ಮ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ.

ಮೊದಲ ಮೂರು ಎಪಿಸೋಡ್ ನೋಡಿ. ಒಂದು ಕಂಪನಿಯ ಇಬ್ಬರು ಕಾವಲುಗಾರರು ಇರಬಾರದ ಜಾಗದಲ್ಲಿ ಕುಡಿದು ಜಗಳ ತೆಗೆದು ಕ್ಯಾಸಿಯನ್ ಕೈಯಲ್ಲಿ ಸಾಯುತ್ತಾರೆ. ಅವರ ಮುಖ್ಯಸ್ಥನಿಗೆ ಕೇಸು ಬೇಕಿಲ್ಲ. ಅಪಘಾತ ಅಂತ ಬರೆದು ಮುಗಿಸಲು ಹೇಳುತ್ತಾನೆ. ಆದರೆ ಕೈಕೆಳಗಿನ ಸಿರಿಲ್ ಕಾರ್ನ್ ಎಂಬ ಹುಡುಗನಿಗೆ ನ್ಯಾಯದ ಹುಚ್ಚು. ಯೂನಿಫಾರ್ಮನ್ನು ಕೂಡ ಮೈಗೆ ಸರಿಯಾಗಿ ಹೊಲಿಸಿಕೊಂಡವನು. ಅವನು ಸಶಸ್ತ್ರ ತಂಡ ಕಟ್ಟಿಕೊಂಡು ಫೆರಿಕ್ಸ್ ಎಂಬ ಗ್ರಹದ ಊರಿಗೆ ನುಗ್ಗುತ್ತಾನೆ, ಎಲ್ಲ ಎಡವಟ್ಟಾಗುತ್ತದೆ. ಅದೇ ನೆಪದಲ್ಲಿ ಸಾಮ್ರಾಜ್ಯ ಕಂಪನಿಯ ಅಧಿಕಾರ ಕಿತ್ತುಕೊಂಡು ಆ ಇಡೀ ಪ್ರದೇಶವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಒಂದು ಫೈಲು ಮುಚ್ಚದೆ ಹೋದದ್ದಕ್ಕೆ ಒಂದು ಊರು ಸೈನ್ಯದ ಹಿಡಿತಕ್ಕೆ ಹೋಯಿತು.

ಆಮೇಲೆ ಬರುವುದು ಆಲ್ಡಾನಿ ದರೋಡೆ. ಸೈನಿಕರ ಸಂಬಳದ ಹಣವನ್ನೇ ಬಂಡುಕೋರರು ದೋಚುತ್ತಾರೆ. 1907ರಲ್ಲಿ ಟಿಫ್ಲಿಸ್ ನಗರದಲ್ಲಿ (ಈಗಿನ ಜಾರ್ಜಿಯಾದ ಟಿಬಿಲಿಸಿ) ರಷ್ಯಾದ ಕ್ರಾಂತಿಕಾರಿ ಬೋಲ್ಷೆವಿಕರು ಬ್ಯಾಂಕಿನ ಹಣ ದೋಚಿದ ಪ್ರಕರಣ ತಮ್ಮ ಮನಸ್ಸಿನಲ್ಲಿತ್ತು ಅಂತ ಗಿಲ್ರಾಯ್ ಹೇಳಿದ್ದಾರೆ. ಆ ಸಂಚಿನಲ್ಲಿ ಯುವಕ ಸ್ಟಾಲಿನ್ ಕೂಡ ಇದ್ದ. (ದರೋಡೆ ತಂಡದ ಸಿಂಟಾ ಪಾತ್ರ ಮಾಡಿರುವ ವರದಾ ಸೇತು ಕೇರಳದಲ್ಲಿ ಹುಟ್ಟಿದವರು. ಮಾತು ಕಡಿಮೆ, ನೋಟದಲ್ಲೇ ನಟಿಸುತ್ತಾರೆ.) ದರೋಡೆಗಿಂತ ಅದರ ಪರಿಣಾಮ ಮುಖ್ಯ. ಸಾಮ್ರಾಜ್ಯ ಸಿಟ್ಟಿಗೆದ್ದು ಹೊಸ ಕಾನೂನು ತರುತ್ತದೆ, ಎಲ್ಲ ಶಿಕ್ಷೆಗಳೂ ಹೆಚ್ಚುತ್ತವೆ. ಕ್ಯಾಸಿಯನ್ ಬೇರೆ ಹೆಸರಿನಲ್ಲಿ ಕಡಲತೀರದ ಊರೊಂದರಲ್ಲಿ ಅಡಗಿರುತ್ತಾನೆ. ಅಂಗಡಿಗೆ ನಡೆದುಕೊಂಡು ಹೋಗುತ್ತಿದ್ದವನನ್ನು ಸುಮ್ನೆ ಅನುಮಾನದ ಮೇಲೆ ಹಿಡಿದು ಆರು ವರ್ಷ ಜೈಲಿಗೆ ಹಾಕುತ್ತಾರೆ. ಅವನು ಮಾಡಿದ ದರೋಡೆಯಿಂದ ಬಂದ ಕಾನೂನು ಅವನನ್ನೇ ನುಂಗುತ್ತದೆ. ಆದರೆ ಹಾಗೆ ಹಿಡಿದವರಿಗೆ ಅವನು ಯಾರು ಅಂತ ಗೊತ್ತೇ ಇಲ್ಲ!

ದರೋಡೆಯ ಹಿಂದಿರುವ ಲೂಥನ್ ರೇಲ್‌ಗೆ ಬೇಕಾಗಿದ್ದದ್ದೂ ಇದೇ. ಸ್ಟೆಲಾನ್ ಸ್ಕಾರ್ಸ್‌ಗಾರ್ಡ್ ಮಾಡಿರುವ ಈ ಪಾತ್ರ ಹಗಲಲ್ಲಿ ರಾಜಧಾನಿ ಕೊರುಸಾಂಟ್‌ನಲ್ಲಿ ಹಳೆಯ ಕಲಾವಸ್ತುಗಳ ಅಂಗಡಿ ನಡೆಸುತ್ತದೆ, ಮರೆಯಲ್ಲಿ ಬಂಡಾಯ ಕಟ್ಟುತ್ತದೆ. ಸಾಮ್ರಾಜ್ಯ ಜನರ ಮೇಲೆ ಜೋರಾಗಿ ಕೈ ಮಾಡಲಿ, ಆಗಲೇ ಜನ ಏಳುತ್ತಾರೆ ಅನ್ನುವುದು ಅವನ ಲೆಕ್ಕ. ಗುಪ್ತಚರ ಇಲಾಖೆಯಲ್ಲಿರುವ ತನ್ನ ಬೇಹುಗಾರ ಬಯಲಾಗಬಾರದು ಅಂತ, ಬಲೆಗೆ ಬೀಳಲು ಹೊರಟ 30 ಬಂಡುಕೋರರಿಗೆ ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುತ್ತಾನೆ. ಅವನನ್ನು ಒಳ್ಳೆಯವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವನಿಲ್ಲದೆ ಬಂಡಾಯ ಹುಟ್ಟುತ್ತಿತ್ತು ಅಂತಲೂ ಹೇಳಲಾರೆ.

ಜೈಲಿನ ಮೂರು ಎಪಿಸೋಡ್‌ಗಳ ಬಗ್ಗೆ ಎಲ್ಲರೂ ಹೊಗಳಿ ಬರೆದಿದ್ದಾರೆ, ನಿಜವಾಗಿಯೂ ಹಾಗೇ ಇವೆ. ಆದರೆ ರಾಜಕೀಯ ಇಷ್ಟಪಡುವ ನಿಮಗೆ ನಾನು ತೋರಿಸಬೇಕು ಅಂದುಕೊಂಡಿರುವುದು ಮೋನ್ ಮಾಥ್ಮಾಳ ಕಥೆ. ಈಕೆ ಸೆನೆಟರ್. 1983ರ ಸಿನಿಮಾದಲ್ಲಿ ಒಂದೇ ಒಂದು ಸಭೆಯಲ್ಲಿ ಬಂದು ಹೋದ ಪಾತ್ರ. ಜೆನೆವೀವ್ ಓರೈಲಿ ಇದನ್ನು 2005ರ ಸಿನಿಮಾಕ್ಕೇ ಮಾಡಿದ್ದರು, ಆದರೆ ಅವರ ದೃಶ್ಯಗಳು ಹೆಚ್ಚುಕಮ್ಮಿ ಎಲ್ಲವೂ ಕತ್ತರಿಗೆ ಹೋದವು. ಇಲ್ಲಿ ಅವರಿಗೆ ಪೂರ್ತಿ ಜಾಗ ಸಿಕ್ಕಿದೆ.

ಮೋನ್ ತನ್ನ ಕುಟುಂಬದ ಹಣವನ್ನು ಗುಟ್ಟಾಗಿ ಬಂಡಾಯಕ್ಕೆ ಕೊಡುತ್ತಿರುತ್ತಾಳೆ. ಬ್ಯಾಂಕ್ ನಿಯಮಗಳು ಬಿಗಿಯಾಗುತ್ತವೆ. ಖಾತೆಯಲ್ಲಿ ನಾಲ್ಕು ಲಕ್ಷ ಕ್ರೆಡಿಟ್ (ಅಲ್ಲಿನ ಹಣ) ಕೊರತೆ. ಲೆಕ್ಕ ತಪಾಸಣೆಗೆ ಬಂದರೆ ಮುಗಿಯಿತು. ಕಳ್ಳ ವ್ಯವಹಾರದ ಸಾಹುಕಾರ ಡಾವೊ ಸ್ಕಲ್ಡನ್ ಕೊರತೆ ತುಂಬಿಸಿಕೊಡಲು ಒಪ್ಪುತ್ತಾನೆ. ಅದಕ್ಕೆ ಅವನು ದುಡ್ಡು ಕೇಳುವುದಿಲ್ಲ. ತನ್ನ ಮಗನನ್ನು ಮೋನ್‌ಳ ಮಗಳಿಗೆ ಪರಿಚಯ ಮಾಡಿಸಿದರೆ ಸಾಕು ಅನ್ನುತ್ತಾನೆ. ಮಗಳಿಗೆ ವಯಸ್ಸು ಹದಿಮೂರು. ಮೋನ್ ಕೂಡ ಚಿಕ್ಕ ವಯಸ್ಸಿನಲ್ಲೇ ಹೀಗೆ ಸಂಬಂಧ ಕುದುರಿಸಿ ಮದುವೆಯಾದವಳು. ಆ ಸಂಪ್ರದಾಯವನ್ನು ಮುರಿಯಬೇಕು ಅಂತಿದ್ದವಳು ಈಗ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಇನ್ನೊಂದು ಕಡೆ, ಕಾರಿನ ಚಾಲಕ ಬೇಹುಗಾರ ಅಂತ ಗೊತ್ತಿದ್ದೇ, ಅವನಿಗೆ ಕೇಳಿಸುವ ಹಾಗೆ ಗಂಡನ ಮೇಲೆ ಜೂಜಿನ ಆರೋಪ ಹೊರಿಸಿ ಜಗಳ ಆಡುತ್ತಾಳೆ. ಹಣ ಎಲ್ಲಿ ಹೋಯಿತು ಅನ್ನುವುದಕ್ಕೆ ಹೀಗೆ ಒಂದು ಕಥೆ ಹುಟ್ಟುತ್ತದೆ.

ಎರಡನೆಯ ಸೀಸನ್ ಶುರುವಾಗುವುದೇ ಆ ಮಗಳ ಮದುವೆಯಿಂದ. ಲೆಕ್ಕ ಮುಚ್ಚಲು ಸಹಾಯ ಮಾಡಿದ ಬಾಲ್ಯದ ಗೆಳೆಯ ಟೇ ಕೋಲ್ಮಾ ಈಗ ಅಸಮಾಧಾನದಲ್ಲಿದ್ದಾನೆ, ಸೂಕ್ಷ್ಮವಾಗಿ ಹಣ ಕೇಳುತ್ತಿದ್ದಾನೆ. ಅವನನ್ನು ಹಾಗೇ ಬಿಡುವುದು ಅಪಾಯ ಅಂತ ಲೂಥನ್ ತೀರ್ಮಾನಿಸುತ್ತಾನೆ. ಟೇ ಹೊರಟ ವಾಹನವನ್ನು ಓಡಿಸುತ್ತಿರುವವಳು ಸಿಂಟಾ. ಟೇ ಇನ್ನು ಬದುಕಿ ಉಳಿಯುವುದಿಲ್ಲ ಅಂತ ಮೋನ್‌ಗೆ ಅರ್ಥವಾಗುತ್ತದೆ. ಮದುವೆ ಮನೆಯಲ್ಲಿ ಸಂಗೀತ ಜೋರಾಗುತ್ತದೆ, ಅವಳು ಕುಡಿದು, ನೆಂಟರ ನಡುವೆ ನುಗ್ಗಿ ಕುಣಿಯುತ್ತಾಳೆ. ಒಂದು ಮಾತಿಲ್ಲ, ಒಂದು ಗುಂಡಿಲ್ಲ. ಎರಡೂ ಸೀಸನ್‌ಗಳಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ದೃಶ್ಯ ಇದು.

ಸಾಮ್ರಾಜ್ಯದ ಕಡೆಯ ಒಳಸಂಚೂ ಇಷ್ಟೇ ಗಟ್ಟಿ. ಗುಪ್ತಚರ ಇಲಾಖೆಯ ಅಧಿಕಾರಿ ಡೆಡ್ರಾ ಮೀರೊ. ಬೇರೆ ಬೇರೆ ವಲಯಗಳಲ್ಲಿ ಕಳುವಾದ ಉಪಕರಣಗಳ ಹಿಂದೆ ಒಂದೇ ಕೈ ಇದೆ ಅಂತ ಮೊದಲು ಗುರುತಿಸುವವಳು ಅವಳು. ಆದರೆ ನಿನ್ನ ವಲಯ ಬಿಟ್ಟು ಇನ್ನೊಬ್ಬರ ಫೈಲಿಗೆ ಕೈ ಹಾಕಬೇಡ ಅಂತ ಸಹೋದ್ಯೋಗಿ ದೂರು ಕೊಡುತ್ತಾನೆ. ಮೇಲಧಿಕಾರಿ ಅವಳ ಪರ ನಿಲ್ಲುತ್ತಾನೆ, ಅವಳು ಮೇಲೇರುತ್ತಾಳೆ. ನೋಡುವಾಗ ನಾವೂ ಅವಳು ಗೆಲ್ಲಲಿ ಅಂದುಕೊಂಡುಬಿಡುತ್ತೇವೆ. ಅವಳು ಕೊಡಿಸುವ ಚಿತ್ರಹಿಂಸೆ ನೋಡಿದ ಮೇಲೆ ಹಾಗೆ ಅಂದುಕೊಂಡದ್ದಕ್ಕೆ ಮೈ ನಡುಗುತ್ತದೆ. ಎರಡನೆಯ ಸೀಸನ್‌ನ ಕೊನೆಗೆ ಡೆತ್ ಸ್ಟಾರ್‌ನ ಗುಟ್ಟು ಬಂಡುಕೋರರಿಗೆ ಹೇಗೆ ಸಿಗುತ್ತದೆ ಗೊತ್ತಾ? ತನಗೆ ಸಂಬಂಧವಿಲ್ಲದ ಫೈಲುಗಳನ್ನು ಡೆಡ್ರಾ ಕೂಡಿಟ್ಟುಕೊಂಡಿರುತ್ತಾಳೆ. ಲೂಥನ್‌ನ ಬೇಹುಗಾರ ಅವುಗಳನ್ನು ತೆರೆದು ಓದುತ್ತಾನೆ. ಅವಳಿಗೆ ಬಡ್ತಿ ತಂದ ಚಾಳಿಯೇ ಅವಳನ್ನು ಜೈಲಿಗೂ ಕಳಿಸುತ್ತದೆ, ಸಾಮ್ರಾಜ್ಯದ ಬುಡಕ್ಕೂ ಕೊಡಲಿ ಹಾಕುತ್ತದೆ.

ಘೋರ್ಮನ್ ಗ್ರಹದ ಕಥೆಯನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಜೇಡರ ದಾರದಿಂದ ಬಟ್ಟೆ ನೇಯುವ ಜನ. ಅವರ ನೆಲದಡಿ ಡೆತ್ ಸ್ಟಾರ್‌ಗೆ ಬೇಕಾದ ಖನಿಜವಿದೆ. ಗಣಿ ತೋಡಿದರೆ ಗ್ರಹ ಉಳಿಯುವುದಿಲ್ಲ. ಬೆಟ್ಟದ ಮೇಲಿನ ಒಂದು ಗುಪ್ತ ಸಭೆಯಲ್ಲಿ ಅಧಿಕಾರಿಗಳು ಊಟ ತಿಂಡಿ ಮಾಡುತ್ತಾ ಇದನ್ನು ಚರ್ಚಿಸುತ್ತಾರೆ. ಘೋರ್ಮನ್ ಜನ ಸೊಕ್ಕಿನವರು ಅನ್ನುವ ಪ್ರಚಾರ ಮೊದಲು ಶುರುವಾಗಲಿ ಅಂತ ಅಲ್ಲೇ ಯೋಜನೆ ಆಗುತ್ತದೆ. ತಪ್ಪು ಹೆಜ್ಜೆ ಇಡುವಂಥ ಬಂಡುಕೋರರನ್ನು ನಾವೇ ಬೆಳೆಸಬೇಕು ಅನ್ನುವ ಸಲಹೆ ಡೆಡ್ರಾಳದು. ಹತ್ಯಾಕಾಂಡ ನಡೆಯುವುದು ಎರಡು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಉಳಿದ ಲೋಕಕ್ಕೆ ಅವರ ಮೇಲೆ ಕರುಣೆಯೇ ಉಳಿದಿರುವುದಿಲ್ಲ. ಎರಡನೆಯ ಸೀಸನ್‌ನ ಎಂಟನೆಯ ಎಪಿಸೋಡ್‌ನಲ್ಲಿ ಹತ್ಯಾಕಾಂಡ, ಒಂಬತ್ತರಲ್ಲಿ ಸೆನೆಟ್‌ನಲ್ಲಿ ಮೋನ್‌ಳ ಭಾಷಣ. ನಡೆದದ್ದು ನರಮೇಧ ಅಂತ ಅವಳು ಬಾಯಿಬಿಟ್ಟು ಹೇಳುತ್ತಾಳೆ. ಆ ಎಪಿಸೋಡ್ ಬರೆದ ಡ್ಯಾನ್ ಗಿಲ್ರಾಯ್‌ಗೆ 2025ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಈ ಎರಡನ್ನೂ ಒಂದೇ ಸಲಕ್ಕೆ ನೋಡಿ.

ಕೊರತೆಗಳೂ ಇವೆ. ಶುರುವಿನಲ್ಲಿ ಬರುವ ಕ್ಯಾಸಿಯನ್‌ನ ಬಾಲ್ಯದ ದೃಶ್ಯಗಳು ತೆಳುವಾಗಿವೆ. ಎರಡನೆಯ ಸೀಸನ್ ಪ್ರತಿ ಮೂರು ಎಪಿಸೋಡಿಗೆ ಒಂದು ವರ್ಷ ಹಾರುತ್ತದೆ. ಐದು ಸೀಸನ್‌ಗೆ ಹಾಕಿದ್ದ ಯೋಜನೆಯನ್ನು ಎರಡಕ್ಕೆ ಇಳಿಸಿದ್ದರ ಫಲ ಅದು. ಕೆಲವು ಸಂಬಂಧಗಳು ನಮ್ಮ ಕಣ್ಣಿಗೆ ಬೀಳದೆಯೇ ಬದಲಾಗಿಬಿಟ್ಟಿರುತ್ತವೆ. ಕ್ಯಾಸಿಯನ್‌ನ ಗೆಳತಿ ಬಿಕ್ಸ್ ಪಾತ್ರಕ್ಕೆ ನೋವು ಕೊಟ್ಟಷ್ಟು ಕೆಲಸ ಕೊಟ್ಟಿಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ.

ನೋಡುವ ಕ್ರಮ ಹೇಳುತ್ತೇನೆ. ಮೊದಲ ಮೂರು ಎಪಿಸೋಡ್‌ಗಳನ್ನು ಒಂದು ಸಿನಿಮಾ ಅಂದುಕೊಂಡು ಒಟ್ಟಿಗೆ ನೋಡಿ. ಒಂದನ್ನೇ ನೋಡಿ ನಿಲ್ಲಿಸಿದರೆ ನಿಧಾನ ಅನ್ನಿಸುತ್ತದೆ. ಎರಡನೆಯ ಸೀಸನ್ನನ್ನೂ ಮೂರು ಮೂರಾಗಿ ನೋಡಿ, ಬಿಡುಗಡೆ ಮಾಡಿದ್ದೂ ಹಾಗೆಯೇ. ಮುಗಿದ ತಕ್ಷಣ ಮರೆಯದೆ ‘ರೋಗ್ ಒನ್’ ಹಾಕಿಕೊಳ್ಳಿ, ಕಥೆ ನೇರವಾಗಿ ಅಲ್ಲಿಗೆ ಹೋಗುತ್ತದೆ. 1977ರ ಸಿನಿಮಾ ನೋಡುವುದು ಬಿಡುವುದು ಆಮೇಲೆ ನಿಮ್ಮಿಷ್ಟ.