ಮೊದಲು ‘ಮೃಗಯಾ’ ನೋಡಿ
300ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಮಿಥುನ್ ಚಕ್ರವರ್ತಿಯವರದು ಒಂದಾದರೂ ಒಳ್ಳೆಯ ಚಿತ್ರವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಮೃಣಾಲ್ ಸೇನ್ ಅವರ ‘ಮೃಗಯಾ’ (1976) ನೋಡಿ. ಮಿಥುನ್ ತಮ್ಮ ಈ ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಪಡೆದರು! ಹೆಂಡತಿಯನ್ನು ಹೊತ್ತೊಯ್ದ ಸಾಹುಕಾರನನ್ನು ಕೊಂದು, ದೊಡ್ಡ ಬೇಟೆ ತಂದಿದ್ದೇನೆಂದು ಬ್ರಿಟಿಷ್ ಅಧಿಕಾರಿಯ ಎದುರು ನಿಲ್ಲುವ ಬೇಟೆಗಾರನ ಪಾತ್ರ ಅವರದು; ಆ ಮುಖದಲ್ಲಿ ಅಳುಕಿಲ್ಲ, ಬರೀ ಮುಗ್ಧ ಹೆಮ್ಮೆ. ಉಡುಪಿಯ ನಮ್ಮ ಮನೆಯಲ್ಲಿ ಜಡಿಮಳೆಯ ರಾತ್ರಿ ನೋಡಿದ್ದೆವು. ಬಡಿಸಿಟ್ಟ ಕುಚ್ಚಲಕ್ಕಿ ಗಂಜಿ ತಣ್ಣಗಾದರೂ ಒಬ್ಬರೂ ಏಳಲಿಲ್ಲ. ಬುದ್ಧದೇವ ದಾಸ್‌ಗುಪ್ತ ಅವರ ‘ತಾಹಾದೇರ್ ಕಥಾ’ (1992) ಮಿಥುನ್‌ಗೆ ಎರಡನೆಯ ರಾಷ್ಟ್ರಪ್ರಶಸ್ತಿ ತಂದಿತು. ತೊಂಬತ್ತರ ದಶಕದಲ್ಲಿ ಊಟಿಯಲ್ಲಿ ಸಾಲುಸಾಲಾಗಿ ತಯಾರಾದ ಹೊಡೆದಾಟದ ಚಿತ್ರಗಳನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಅವುಗಳಿಂದಲೇ ಅವರನ್ನು ಅಳೆಯುವುದು ಅನ್ಯಾಯ. ‘ಮೃಗಯಾ’ ಹಿಂದಿಯಲ್ಲೇ ಇರುವುದರಿಂದ ನಿಮಗೆ ಭಾಷೆಯ ತೊಡಕೂ ಆಗದು.