ಜರ್ಮನಿಯ ಎಲೆಕ್ಟ್ರೊಲಿಸಿಸ್ ಲ್ಯಾಬಿಗೆ ಹೊರಟವರಿಗೆ

"ಪಿಎಚ್‌ಡಿಗೆ ಜರ್ಮನಿಗೆ ಬರ್ತಿದ್ದೀನಿ, ನೀರು ಒಡೆಯುವ ನಿಕಲ್ ಎಲೆಕ್ಟ್ರೋಡಿನ ಮೇಲ್ಮೈ ಆಕಾರ ರೂಪಿಸುವ ಕೆಲಸ. ಅಲ್ಲಿ ಬದುಕು ಹೇಗೆ, ಲ್ಯಾಬ್ ಹೇಗೆ?" ಅಂತ ಕೇಳಿದ್ದೀರಿ.

ಬದುಕಿನದು ಚಿಕ್ಕ ಉತ್ತರ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ತೆರಿಗೆ ಸಂಖ್ಯೆ ಅದರ ಹಿಂದೆ ಬರುತ್ತೆ. ಕಾನೂನಿನ ಪ್ರಕಾರ ದಿನಕ್ಕೆ 10 ಗಂಟೆ ಮೀರಿ ಕೆಲಸ ಇಲ್ಲ, ಅಪಾಯದ ಪ್ರಯೋಗಕ್ಕೆ ಒಬ್ಬರೇ ಕೂರುವಂತಿಲ್ಲ. ನಿಕಲ್ ಲವಣ ಕ್ಯಾನ್ಸರ್‌ಕಾರಕ. ಪುಡಿಯನ್ನು ಗಾಳಿ ಹೊರಗೆಳೆಯುವ ಗೂಡಿನೊಳಗೇ (ಫ್ಯೂಮ್ ಹುಡ್) ತೂಗಬೇಕು, ತೊಳೆದ ನೀರೂ ಸಿಂಕಿಗೆ ಹೋಗಬಾರದು, ರಾಸಾಯನಿಕ ತ್ಯಾಜ್ಯದ ಕ್ಯಾನಿಗೇ ಹೋಗಬೇಕು.

ಈಗ ಕೆಲಸ. ಚದರ ಸೆಂ.ಮೀ.ಗೆ 10 ಮಿಲಿಆಂಪಿಯರ್‌ನಲ್ಲಿ ಯಾವ ಆಕಾರವೂ ಚೆನ್ನಾಗೇ ಕಾಣುತ್ತೆ. 500 ದಾಟಿಸಿ ನೋಡಿ: ಗುಳ್ಳೆಗಳು ಮೇಲ್ಮೈಗೆ ಕಚ್ಚಿಕೊಂಡು ಜಾಗ ಮುಚ್ಚುತ್ತವೆ, ವೋಲ್ಟೇಜ್ ಏರುತ್ತೆ, ಗ್ರಾಫಿನ ಗೆರೆ ನಡುಗುತ್ತೆ. ಸೂಜಿ, ಶಂಕು, ನೆಟ್ಟಗೆ ನಿಂತ ಹಾಳೆ, ಇವು ಗುಳ್ಳೆಗೆ ಕಾಲೂರಲು ಜಾಗ ಕೊಡುವುದಿಲ್ಲ, ಚಿಕ್ಕದಿರುವಾಗಲೇ ಬಿಟ್ಟು ಹೋಗುತ್ತೆ. ಹಾಗಂತ ಒತ್ತೊತ್ತಾಗಿ ಬೆಳೆಸಿದರೆ ಬುಡದಲ್ಲಿ ಗ್ಯಾಸ್ ಸಿಕ್ಕಿಕೊಂಡು, ಅಷ್ಟು ಮೇಲ್ಮೈ ಇದ್ದೂ ಇಲ್ಲದಂತೆ.

ಆಕಾರಗಳನ್ನು ಬೆಳೆಸುವ ನಿಕಲ್ ಫೋಮನ್ನು (ಸ್ಪಂಜಿನಂಥ ನಿಕಲ್) ಮೊದಲು ಅಸಿಟೋನಿನಲ್ಲಿ, ಆಮೇಲೆ 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 10–15 ನಿಮಿಷ ಸೋನಿಕೇಟ್ ಮಾಡಿ (ಶ್ರವಣಾತೀತ ಶಬ್ದದಿಂದ ಅಲುಗಿಸಿ), ಅಯಾನು ತೆಗೆದ (ಡಿಐ) ನೀರು, ಎಥನಾಲ್‌ನಲ್ಲಿ ತೊಳೆಯಿರಿ. ಆಕ್ಸೈಡ್ ಉಳಿದರೆ ಲೇಪನ ಸಿಪ್ಪೆಯಂತೆ ಏಳುತ್ತೆ.

ಹೆಚ್ಚಿನವರು ಎಡವುವುದು ಇಲ್ಲಿ: ಸೆಲ್ಲಿಗೆ ತುಂಬುವ ಕ್ಷಾರ ದ್ರಾವಣ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿರುವ ಲವಲೇಶ ಕಬ್ಬಿಣವೇ ಆಕ್ಸಿಜನ್ ಬದಿಯ ನಿಕಲ್‌ಗೆ ಭಾರೀ ಬಲ ಕೊಡುತ್ತೆ, ಹೆಸರು ಮಾತ್ರ ಆಕಾರಕ್ಕೆ. ಶುದ್ಧ ನಿಕಲ್ ಹೈಡ್ರಾಕ್ಸೈಡಿನ ಗಸಿಯ ಜೊತೆ ದ್ರಾವಣ ಕುಲುಕಿ, ಕಬ್ಬಿಣ ಗಸಿಗೆ ಅಂಟುತ್ತೆ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಗಾಜಿನ ಸೆಲ್ ಬೇಡ, ಕ್ಷಾರ ಗಾಜನ್ನೇ ತಿನ್ನುತ್ತೆ, ಟೆಫ್ಲಾನ್ ಬಳಸಿ. ಹೈಡ್ರೋಜನ್ ಬದಿ ಅಳೆಯುವಾಗ ಎದುರಿಗೆ ಪ್ಲಾಟಿನಂ ಬೇಡ, ಅದು ಕರಗಿ ನಿಮ್ಮ ಸೂಜಿಗಳ ಮೇಲೆ ಕೂರುತ್ತೆ. ಗ್ರಾಫೈಟ್ ಕಡ್ಡಿ ಇಡಿ. ಡಬಲ್ ಲೇಯರ್ ಕೆಪಾಸಿಟೆನ್ಸ್ (ಮೇಲ್ಮೈ ಹಿಡಿದಿಡುವ ವಿದ್ಯುದಂಶದ ಅಳತೆ) ಅಳೆದು ವಿಸ್ತೀರ್ಣ ಎಷ್ಟು ಪಟ್ಟು ಹೆಚ್ಚಿದೆ ನೋಡಿ. ಲಾಭವೂ ಅಷ್ಟೇ ಪಟ್ಟಾದರೆ ಅದು ವಿಸ್ತೀರ್ಣದ್ದು, ಆಕಾರದ್ದಲ್ಲ.

ಐಆರ್ ತಿದ್ದುಪಡಿಯಲ್ಲಿ, ಅಂದರೆ ದ್ರಾವಣದ ರೋಧಕ್ಕೆ ಹೋದ ವೋಲ್ಟೇಜನ್ನು ಲೆಕ್ಕದಿಂದ ಕಳೆಯುವಾಗ, ಉದಾರವಾಗಬೇಡಿ. ಒಂದು ಓಮ್ ರೋಧಕ್ಕೆ 500 ಮಿಲಿಆಂಪಿಯರ್‌ನಲ್ಲಿ ಅರ್ಧ ವೋಲ್ಟೇ ಹೋಯಿತು. ತಿದ್ದದ ಗೆರೆಯನ್ನೂ ಪಕ್ಕದಲ್ಲೇ ತೋರಿಸಿ.

ಇನ್ನೊಂದು, ಕರೆಂಟ್ ನಿಲ್ಲಿಸಿದಾಗ ಹಿಮ್ಮುಖ ಕರೆಂಟ್ ಹರಿದು ಕ್ಯಾಥೋಡ್ (ಹೈಡ್ರೋಜನ್ ಬದಿಯ ಎಲೆಕ್ಟ್ರೋಡ್) ಆಕ್ಸಿಡೈಜ್ ಆಗುತ್ತೆ. ಸೌರ, ಗಾಳಿ ವಿದ್ಯುತ್ತಿಗೆ ಜೋಡಿಸಿದ ಸೆಲ್ಲಿಗೆ ಇದು ದಿನದ ಕಾಟ. ಆದ್ದರಿಂದ ಸತತ 100 ಗಂಟೆ ಓಡಿಸಿದ್ದು ಸಾಲದು, ಆನ್–ಆಫ್ ಮಾಡಿಸಿದ ಮೇಲೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ (ಎಸ್‌ಇಎಂ) ಚಿತ್ರ ತೆಗೆಯಿರಿ, ಸೂಜಿಯ ಮೊನೆ ಉಳಿದಿದೆಯೋ ಮೊಂಡಾಗಿದೆಯೋ ಅಂತ.